ಬೈಕಿನ ಬಾಕ್ಸಿಗೆ ಗಾಳಿ ಬೇಕು, ಮಳೆನೀರು ಬೇಡ

ಪ್ರಶ್ನೆ: ನಾನು ಶಿಕ್ಷಕ. ವಾರಕ್ಕೊಮ್ಮೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬೈಕಿನಲ್ಲಿ ಹೋಗಿಬರುತ್ತೇನೆ. ಸೀಟಿನ ಹಿಂದೆ 45 ಲೀಟರಿನ ಪ್ಲಾಸ್ಟಿಕ್ ಬಾಕ್ಸ್ ಹಾಕಿಸಿದ್ದೇನೆ. ಮಳೆಗಾಲದಲ್ಲಿ ಅದರೊಳಗಿಟ್ಟ ಪುಸ್ತಕಗಳಿಗೆ ಮುಗ್ಗಲು ವಾಸನೆ ಹಿಡಿಯುತ್ತದೆ. ಮುಚ್ಚಳದ ರಬ್ಬರ್ ಸರಿಯಿದ್ದರೂ ಘಟ್ಟ ಇಳಿದ ಮೇಲೆ ಒಳಗಡೆ ಅಂಚಿನಲ್ಲಿ ನೀರು ಕಾಣುತ್ತದೆ. ಬಾಕ್ಸಿಗೆ ತೂತು ಕೊರೆಸಬಹುದೇ?
– ಓದುಗರೊಬ್ಬರು, ಕುಮಟಾ

ಉತ್ತರ: ಕೊರೆಸಬಹುದು, ಆದರೆ ಎಲ್ಲಿ ಕೊರೆಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಘಟ್ಟ ಇಳಿದ ಮೇಲೆ ನೀರು ಕಾಣುತ್ತದೆ ಎಂದು ನೀವು ಬರೆದಿರುವುದರಲ್ಲಿಯೇ ಕಾರಣವೂ ಇದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಶೇ. 6–7ರಷ್ಟು ಕಡಿಮೆ. ಹತ್ತುವಾಗ ನಿಮ್ಮ ಬಾಕ್ಸಿನಿಂದ ಸುಮಾರು 3 ಲೀಟರ್ ಗಾಳಿ ರಬ್ಬರಿನ ಸಂದಿಯಲ್ಲಿ ಹೊರಬೀಳುತ್ತದೆ. ಇಳಿಯುವಾಗ ಅಷ್ಟೇ ಗಾಳಿ ಮತ್ತೆ ಒಳನುಗ್ಗುತ್ತದೆ, ಮುಚ್ಚಳದ ಅಂಚಿನಲ್ಲಿ ನಿಂತ ಮಳೆನೀರನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಬಿಸಿಲಿಗೆ ಕಾದ ಬಾಕ್ಸಿನ ಮೇಲೆ ಒಮ್ಮೆಲೇ ಮಳೆ ಸುರಿದರೂ ಹೀಗೆಯೇ ಆಗುತ್ತದೆ. ಆದ್ದರಿಂದ ರಬ್ಬರನ್ನು ಇನ್ನಷ್ಟು ಬಿಗಿ ಮಾಡುವುದಕ್ಕಿಂತ, ನೀರು ನಿಲ್ಲದ ಜಾಗದಲ್ಲಿ ಗಾಳಿಗೆ ಬೇರೆ ದಾರಿ ಮಾಡಿಕೊಡುವುದೇ ಸರಿ.

ನಲ್ಲಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಅರ್ಧ ಇಂಚಿನ ಪ್ಲಾಸ್ಟಿಕ್ ಟ್ಯಾಂಕ್ ನಿಪ್ಪಲ್ (ತೊಟ್ಟಿಯ ಗೋಡೆಗೆ ನಟ್ಟಿನಿಂದ ಕೂಡಿಸುವ ಗಿಡ್ಡ ಕೊಳವೆ) ಎರಡು ಸಾಕು. ಒಂದನ್ನು ಪಕ್ಕದ ಗೋಡೆಯ ಮೇಲ್ಭಾಗದಲ್ಲಿ, ಮುಚ್ಚಳದ ಅಂಚು ಚಾಚಿಕೊಂಡಿರುವಲ್ಲಿ ಕೂಡಿಸಿ, ಹೊರಬದಿಗೆ ಬಾಯಿ ಕೆಳಗಾಗುವಂತೆ ಎಲ್ಬೋ (ಬಾಗಿದ ಕೊಳವೆ ತುಂಡು) ತಿರುಗಿಸಿರಿ. ಇನ್ನೊಂದು ತಳದಲ್ಲಿರಲಿ, ಅದರ ಕೆಳಗಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಓರೆ ಬಾಯಿ ಹಿಂದಕ್ಕೆ ಇರುವಂತೆ ನೋಡಿಕೊಂಡರೆ ಓಡುವಾಗ ಎದುರಿನ ಗಾಳಿ ನೀರನ್ನು ಒಳಕ್ಕೆ ತಳ್ಳುವುದಿಲ್ಲ. ಹಿಂದಿನ ಚಕ್ರದ ನೇರಕ್ಕೆ ಮತ್ತು ಸೈಲೆನ್ಸರ್ ಇರುವ ಬದಿಗೆ ತೂತು ಬೇಡ, ಏಕೆಂದರೆ ಬಾಕ್ಸಿನ ಹಿಂಭಾಗದಲ್ಲಿ ಸುಳಿಯುವ ಗಾಳಿ ಕೆಸರನ್ನೂ ಹೊಗೆಯನ್ನೂ ಎತ್ತಿ ತರುತ್ತದೆ. ತಳದಲ್ಲಿ ಬಾಕ್ಸನ್ನು ಹಿಡಿದಿಡುವ ಕೊಂಡಿಯ ಸುತ್ತಲಿನ ದಪ್ಪ ಪಟ್ಟಿಗಳನ್ನು ಮುಟ್ಟಲೇಬಾರದು.

ತೂತು 21–22 ಮಿ.ಮೀ. ಇರಬೇಕು. ಡ್ರಿಲ್ಲನ್ನು ನಿಧಾನವಾಗಿ ಓಡಿಸಿ, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿಸಿರಿ. ಗೀರು ಉಳಿದಲ್ಲಿಂದಲೇ ಪ್ಲಾಸ್ಟಿಕ್ ಸೀಳುತ್ತದೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಾಕ್ಸಿಗೆ ಸಿಲಿಕೋನ್ ಅಂಟು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಎರಡೂ ಬದಿಗೆ ರಬ್ಬರ್ ವಾಶರ್ ಹಾಕಿ ನಟ್ಟಿನಿಂದಲೇ ಬಿಗಿಯಬೇಕು. ಬಾಯಿಗೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಕಟ್ಟದಿದ್ದರೆ ಕುಂಬಾರ ಹುಳ ಮಣ್ಣು ಮೆತ್ತಿ ದಾರಿಯನ್ನೇ ಮುಚ್ಚಿಬಿಡುತ್ತದೆ. ಸಾದಾ ಕಬ್ಬಿಣದ ಜಾಲರಿ ಸಮುದ್ರದ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಒಳಗೆ ಹಳೆಯ ದಿನಪತ್ರಿಕೆ ಹಾಸಿ, ಮುಚ್ಚಿ, ಪೈಪಿನಿಂದ ಮೊದಲು ಮುಂದಿನಿಂದ, ಆಮೇಲೆ ಕೆಳಗಿನಿಂದ ನೀರು ಹೊಡೆದು ನೋಡಿರಿ. ಕಾಗದ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿ ದೋಷವಿದೆ.

ಮುಗ್ಗಲು ವಾಸನೆಯ ಮಾತೇ ಬೇರೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 45 ಲೀಟರ್ ಗಾಳಿ ಹಿಡಿದಿಡಬಲ್ಲ ತೇವ ಒಂದೂವರೆ ಗ್ರಾಂ ಸಹ ಇಲ್ಲ. ಮಡಚಿಟ್ಟ ಒದ್ದೆ ರೇನ್‌ಕೋಟಿನಲ್ಲಿ ಅದರ ಎಷ್ಟೋ ಪಟ್ಟು ನೀರಿರುತ್ತದೆ. ಆಷಾಢದ ಮಳೆಯಲ್ಲಿ ಹೊರಗಿನ ಗಾಳಿಯೂ ತೇವದಿಂದ ತುಂಬಿರುವಾಗ ಈ ತೂತುಗಳು ಆ ರೇನ್‌ಕೋಟನ್ನು ಒಣಗಿಸಲಾರವು. ರೇನ್‌ಕೋಟನ್ನು ಬಾಕ್ಸಿನ ಹೊರಗೆ ಬೇರೆ ಚೀಲದಲ್ಲಿ ಕಟ್ಟಿರಿ, ಮನೆ ಮುಟ್ಟಿದೊಡನೆ ಮುಚ್ಚಳ ತೆರೆದಿಡಿರಿ. ಪುಸ್ತಕ, ಉತ್ತರಪತ್ರಿಕೆಗಳನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿಡಿ. ಸಿಲಿಕಾ ಜೆಲ್ ಪೊಟ್ಟಣವನ್ನು ಆ ಚೀಲದೊಳಗೇ ಹಾಕಬೇಕು, ಗಾಳಿಯಾಡುವ ಬಾಕ್ಸಿನಲ್ಲಿ ಬಿಡಿಯಾಗಿ ಇಟ್ಟರೆ ಅದು ಬೇಗನೆ ತೇವ ಕುಡಿದು ಕೆಲಸಕ್ಕೆ ಬಾರದಂತಾಗುತ್ತದೆ.