ದುಬೈ ಕಂಪನಿ ಪಾಸ್‌ಪೋರ್ಟ್ ಕೇಳಿದರೆ ಕೊಡಬೇಕಾ?

ಇಟ್ಟುಕೊಳ್ಳಲು ಕೊಡಬೇಡಿ. ವೀಸಾ ಕೆಲಸಕ್ಕೆ ಬೇಕೆಂದರೆ ಕೊಡಿ, ಆದರೆ ಸಹಿ ಹಾಕಿದ ರಸೀದಿ ಪಡೆಯಿರಿ. ಕೆಲಸ ಮುಗಿದ ಕೂಡಲೇ ವಾಪಸ್ ಕೇಳಿ.

ಪಾಸ್‌ಪೋರ್ಟ್ ಯಾರ ಕೈಲಿದೆಯೋ, ನೀವು ಊರಿಗೆ ಬರುವುದೂ ಅವರ ಕೈಲೇ. ಸಂಬಳ ಕೊಡದಿದ್ದರೂ, ಹಿಂಸೆ ಕೊಟ್ಟರೂ ಬಿಟ್ಟು ಬರಲು ಆಗುವುದಿಲ್ಲ. ಅದಕ್ಕೇ ಹೀಗೆ ಹಿಡಿದಿಟ್ಟುಕೊಳ್ಳುವುದನ್ನು ಯುಎಇ ಕಾನೂನೇ ನಿಷೇಧಿಸಿದೆ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಭಾರತ ಸರ್ಕಾರದ ಆಸ್ತಿ. ಕಂಪನಿಯದ್ದಂತೂ ಅಲ್ಲವೇ ಅಲ್ಲ. ‘ಇಲ್ಲಿ ಎಲ್ಲರೂ ಕೊಡ್ತಾರೆ’ ಅಂದರೆ ಸುಮ್ನೆ ಒಪ್ಪಬೇಡಿ.

ವಾಪಸ್ ಕೊಡದಿದ್ದರೆ ದುಬೈನ ಭಾರತೀಯ ಕಾನ್ಸುಲೇಟ್‌ಗೆ ಹೋಗಿ. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ಊರಿನಿಂದ ಮನೆಯವರೂ ದೂರು ಕೊಡಬಹುದು. ದೂರಿಗೆ ಪಾಸ್‌ಪೋರ್ಟ್ ನಂಬರ್ ಬೇಕಾಗುತ್ತದೆ, ಹಾಗಾಗಿ ಹೊರಡುವ ಮೊದಲೇ ಅದರ ಫೋಟೋ ಮನೆಯವರಿಗೆ ಕಳಿಸಿಡಿ.