ಭತ್ತದ ದಾರಿಯಲ್ಲಿ ಯಾವ ಜಾಗ ಮುಖ್ಯ? ಕಾರಟಗಿಯ ಪ್ರಶ್ನೆಗೆ ಉತ್ತರ
ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯ ರೈತ ಕಂಪನಿಯವರು (ರೈತರೇ ಸೇರಿ ಕಟ್ಟಿಕೊಂಡ ಕಂಪನಿ) ಕೇಳಿದ್ದು ಒಳ್ಳೆಯ ಪ್ರಶ್ನೆ. ಗದ್ದೆಯಿಂದ ಅಂಗಡಿವರೆಗೆ ಯಾವ ಜಾಗ ಮುಖ್ಯ, ಇರುವ ಸ್ವಲ್ಪ ದುಡ್ಡನ್ನು ಎಲ್ಲಿ ಹಾಕಬೇಕು ಅಂತ. ಅದಕ್ಕೆ ಉತ್ತರವಾಗಿ ಬಹಳ ಜನ ರೈಸ್ ಮಿಲ್ ಅಂದಿದ್ದಾರೆ. ನಾನು ಒಪ್ಪುವುದಿಲ್ಲ.

ಮಿಲ್‌ನಲ್ಲಿ ಮಾಲು ಜಾಸ್ತಿ ಓಡಾಡುತ್ತದೆ, ನಿಜ. ಆದರೆ ಒಂದು ಮಿಲ್ ನಿಂತರೆ ಕಾರಟಗಿಯಲ್ಲೇ ಇನ್ನೊಂದಿದೆ. ಗಂಗಾವತಿ, ಸಿಂಧನೂರಿನಲ್ಲಿ ಇನ್ನಷ್ಟಿವೆ. ಒಣಗಿದ ಭತ್ತ ವಾರ ಕಾದರೂ ಕೆಡುವುದಿಲ್ಲ, ಅಲ್ವಾ? ಎಲ್ಲ ಜಾಗಗಳನ್ನೂ ಬರೆದುಕೊಂಡು, ಒಂದೊಂದೇ ಬಂದ್ ಆಯಿತು ಅಂದುಕೊಳ್ಳಿ. ಎರಡು ಲೆಕ್ಕ ಹಾಕಿ: ಅದಿಲ್ಲದೆ ಎಷ್ಟು ದಿನ ತಡೆಯಬಹುದು, ಅದು ಮತ್ತೆ ಶುರುವಾಗಲು ಅಥವಾ ಬದಲಿ ಸಿಗಲು ಎಷ್ಟು ದಿನ ಬೇಕು. ಎರಡನೆಯದು ಜಾಸ್ತಿ ಬಂದರೆ ಪೆಟ್ಟು ಬೀಳುವುದು ಅಲ್ಲೇ.

ಈಗ ಭತ್ತ ಒಣಗಿಸುವ ಕಣ ನೋಡಿ. ಹಾರ್ವೆಸ್ಟರ್‌ನಿಂದ ಬಿದ್ದ ಭತ್ತದಲ್ಲಿ ತೇವ ಎಷ್ಟೋ ಸಲ 20 ಪರ್ಸೆಂಟ್ ದಾಟಿರುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ 17ರ ಒಳಗಿರಬೇಕು. ಹಸಿ ಭತ್ತವನ್ನು ಗುಡ್ಡೆ ಹಾಕಿ ತಾಡಪಾಲು ಮುಚ್ಚಿದರೆ ಒಂದೆರಡು ದಿನದಲ್ಲೇ ಒಳಗೆ ಕಾವು ಏಳುತ್ತದೆ. ಕೈ ತೂರಿಸಿದರೆ ಬೆಚ್ಚಗೆ ತಾಗುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಆಮೇಲೆ ಅಕ್ಕಿ ಹಳದಿಯಾಗುತ್ತದೆ, ರೇಟು ಬೀಳುತ್ತದೆ. ನವೆಂಬರ್‌ನಲ್ಲಿ ಸೈಕ್ಲೋನ್ ಮೋಡ ಕವಿದರೆ ನಾಲ್ಕೈದು ದಿನ ಬಿಸಿಲು ಇರುವುದಿಲ್ಲ. ಊರವರೆಲ್ಲ ಅದೇ ವಾರ ಕಟಾವು ಮಾಡಿಸುತ್ತಾರೆ, ಹರವಲು ರಸ್ತೆಯೇ ಗತಿ. ನನ್ನ ಕೇಳಿದರೆ ಗೋದಾಮಿಗಿಂತ ಮೊದಲು ಕಾಂಕ್ರೀಟ್ ಕಣ, ಜೊತೆಗೆ ಮೋಡದ ದಿನಕ್ಕೆ ಬಾಡಿಗೆ ಡ್ರೈಯರ್ ಒಂದನ್ನು ಮೊದಲೇ ಮಾತಾಡಿ ಇಟ್ಟುಕೊಳ್ಳಿ.

ಬದಲಿ ನಿಜವಾಗಲೂ ಬೇರೆಯೇನಾ ಅಂತಲೂ ನೋಡಿ. ಮೂರು ಮಿಲ್ ಗೊತ್ತು ಅಂತೀರಿ. ಮೂರೂ ಒಂದೇ ಕರೆಂಟ್ ಲೈನ್ ಮೇಲಿದ್ದರೆ, ಇಲ್ಲವೇ ಮೂರಕ್ಕೂ ಒಬ್ಬನೇ ದಲ್ಲಾಳಿ ಆದರೆ, ಲೆಕ್ಕಕ್ಕೆ ಅದು ಒಂದೇ.

ಸಾಗಾಣಿಕೆ ಬಗ್ಗೆ ಅಷ್ಟು ಚಿಂತೆ ಬೇಡ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಂನಿಂದ ಜಾಸ್ತಿ ನೀರು ಬಿಟ್ಟಾಗ ನದಿ ಮೇಲಿನ ಕಂಪ್ಲಿ ಸೇತುವೆ ಮುಳುಗುತ್ತದೆ. ಗಂಗಾವತಿಯ ಲಾರಿ ಆಗ ಕಡೆಬಾಗಿಲು, ಬುಕ್ಕಸಾಗರ ಸುತ್ತಿ ಹೋಗುತ್ತದೆ. ಡೀಸೆಲ್ ಖರ್ಚು ಹೆಚ್ಚು, ಆದರೆ ಮಾಲು ತಲುಪುತ್ತದೆ.

ಬದಲಿಯೇ ಇಲ್ಲದ ಜಾಗ ಅಂದರೆ ತುಂಗಭದ್ರಾ ಡ್ಯಾಂ. ಇರುವ 33 ಗೇಟ್‌ಗಳಲ್ಲಿ 19ನೆಯದು ಮಾತ್ರ 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋಯಿತು. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ (ತಾತ್ಕಾಲಿಕವಾಗಿ ನೀರು ತಡೆಯುವ ಉಕ್ಕಿನ ಹಲಗೆ) ಕೂರಿಸುವಷ್ಟರಲ್ಲಿ ಸುಮಾರು ಒಂದು ವಾರ ಕೂಡಿಟ್ಟ ನೀರು ನದಿ ಪಾಲಾಯಿತು. ಆ ವರ್ಷ ಮಳೆ ಕೈಹಿಡಿಯಿತು, ಡ್ಯಾಂ ಮತ್ತೆ ತುಂಬಿತು. ಗೇಟು ನಿಮ್ಮ ಕೈಯಲ್ಲಿಲ್ಲ, ಅಕ್ಕಿ ಮಾರಾಟದ ಕರಾರು ನಿಮ್ಮ ಕೈಯಲ್ಲಿದೆ. ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆಯಲ್ಲಿ ಎರಡನೇ ಬೆಳೆಗೆ ನೀರು ಅಂತ ತೀರ್ಮಾನ ಆಗುವವರೆಗೆ ಬೇಸಿಗೆ ಭತ್ತ ನಂಬಿ ಯಾರಿಗೂ ಅಕ್ಕಿ ಕೊಡುತ್ತೇವೆ ಅಂತ ಒಪ್ಪಿಕೊಳ್ಳಬೇಡಿ.

ನಿಮ್ಮ ಪಟ್ಟಿಯನ್ನು ದಿನಗಳ ಲೆಕ್ಕದ ಸಮೇತ ಇಲ್ಲಿ ಹಾಕಿ, ಸೇರಿ ನೋಡೋಣ.