ಮಾತೇ ಇಲ್ಲದೆ ಡ್ರಾಕುಲಾ ಕಥೆಯನ್ನು ಕುಣಿದು ತೋರಿಸಿದರೆ ಜನ ಹೆದರುತ್ತಾರಾ?

ಕಾಲೇಜು ತಂಡಕ್ಕೆ ಇಪ್ಪತ್ತು ನಿಮಿಷದಲ್ಲಿ ರಕ್ತ ಹೀರುವ ಡ್ರಾಕುಲಾನ ಕಥೆ, ಬ್ಯಾಲೆ ಥರ, ಒಂದೂ ಮಾತಿಲ್ಲದೆ. ಜನ ಹೆದರಬೇಕು, ನಗಬಾರದು. ಅಷ್ಟು ದೊಡ್ಡ ಕಥೆಯನ್ನು ಹೇಗೆ ಹೇಳೋದು ಅಂತ ಕೇಳಿದ್ದೀರಿ.

ನಾನು ಬ್ಯಾಲೆ ಕಲಿತವಳಲ್ಲ. ಭರತನಾಟ್ಯ ಕಲಿತು ಈಗ ಮಕ್ಕಳಿಗೆ ಹೇಳಿಕೊಡುತ್ತೇನೆ. ಬ್ಯಾಲೆ ನೋಡುವ ಹುಚ್ಚು ಮಾತ್ರ ಇದೆ. ಇಂಥದ್ದೇ ಒಂದನ್ನು ಮಾಡಲು ಹೋಗಿ ಸಭೆಯನ್ನೆಲ್ಲ ನಗಿಸಿದ ಅನುಭವವೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ನನ್ನ ಉತ್ತರ ಇಷ್ಟೇ: ಕಥೆ ಹೇಳೋಕೆ ಹೋಗಬೇಡಿ. ಕಥೆಯೊಳಗೆ ಮೈಯಿಂದ ತೋರಿಸಬಹುದಾದ ಒಂದು ಹೆದರಿಕೆ ಎಲ್ಲೋ ಕೂತಿರುತ್ತದೆ. ಅದನ್ನು ಹುಡುಕಿ, ಮಿಕ್ಕಿದ್ದನ್ನು ಬಿಡಿ.

ಇದು ನನಗೆ ಹೊಳೆದದ್ದು ಡ್ರಾಕುಲಾದಿಂದ ಅಲ್ಲ, 'ಕೊಪೇಲಿಯಾ' ಅನ್ನುವ ನಗೆ ಬ್ಯಾಲೆಯಿಂದ. ಹೌದು, ನಗೆಯದ್ದೇ. ಆದರೆ ಅದರ ಮೂಲ ಇರೋದು ಜರ್ಮನಿಯ ಹಾಫ್‌ಮನ್ 1816ರಲ್ಲಿ ಪ್ರಕಟಿಸಿದ 'ಮರಳು ಮನುಷ್ಯ' ಕಥೆಯಲ್ಲಿ. ಅದನ್ನು ರಾತ್ರಿ ಓದಬೇಡಿ. ನಿದ್ದೆ ಮಾಡದ ಮಕ್ಕಳ ಕಣ್ಣಿಗೆ ಒಬ್ಬ ಮರಳು ಎರಚುತ್ತಾನೆ, ಕಣ್ಣು ಕಿತ್ತು ಬೀಳುತ್ತವೆ, ಅವನ್ನು ಚೀಲಕ್ಕೆ ತುಂಬಿಕೊಂಡು ಹೋಗಿ ತನ್ನ ಮರಿಗಳಿಗೆ ತಿನ್ನಿಸುತ್ತಾನೆ ಅಂತ ಆಯಾ ಹೇಳಿದ್ದನ್ನು ನಥಾನಿಯೆಲ್ ಅನ್ನುವ ಹುಡುಗ ನಂಬಿಬಿಡುತ್ತಾನೆ. ದೊಡ್ಡವನಾದ ಮೇಲೆ ಒಲಿಂಪಿಯಾ ಎಂಬ ಚೆಲುವೆಗೆ ಮನಸೋಲುತ್ತಾನೆ. ಅವಳು ಕೀಲುಗೊಂಬೆ. ಕೊನೆಗೆ ಅವಳ ಕಣ್ಣು ನೆಲದ ಮೇಲೆ ಬಿದ್ದಿರೋದನ್ನು ನೋಡಿ ಹುಚ್ಚನಾಗುತ್ತಾನೆ, ಮುಂದೆ ಗೋಪುರದಿಂದ ಹಾರಿ ಸಾಯುತ್ತಾನೆ.

ಈ ಕಥೆಯಲ್ಲಿ ನನ್ನಂಥವಳಿಗೆ ಎಲ್ಲಕ್ಕಿಂತ ಜಾಸ್ತಿ ನಡುಕ ಹುಟ್ಟಿಸುವುದು ಕಣ್ಣಿನ ಚೀಲ ಅಲ್ಲ. ನಥಾನಿಯೆಲ್ ಒಲಿಂಪಿಯಾ ಜೊತೆ ನರ್ತಿಸುವ ಜಾಗ. ಅವನಿಗೆ ತಾನು ಲಯದಲ್ಲಿ ಗಟ್ಟಿ ಅನ್ನೋ ನಂಬಿಕೆ. ಅವಳ ಲಯ ಎಷ್ಟು ಕರಾರುವಾಕ್ಕು ಅಂದರೆ, ಅವಳ ಮುಂದೆ ಇವನದ್ದೇ ತಪ್ಪುತ್ತದೆ. ಎಲ್ಲೂ ಒಂದು ಕೂದಲೆಳೆ ಹಿಂದುಮುಂದಾಗದ ತಾಳ ಮನುಷ್ಯರದ್ದಲ್ಲ ಅಂತ ಕುಣಿಯುವವರಿಗೆಲ್ಲ ಗೊತ್ತು, ಅಲ್ವಾ?

1870ರ ಮೇ 25ರಂದು ಪ್ಯಾರಿಸ್ ಒಪೆರಾದಲ್ಲಿ ಇದು ಬ್ಯಾಲೆಯಾಗಿ ಬಂತು. ಸಂಗೀತ ದೆಲೀಬ್ ಅವರದ್ದು, ನೃತ್ಯ ಸಂಯೋಜನೆ ಸಾಂ-ಲಿಯೋಂ ಅವರದ್ದು. ಅವರು ಮಾಡಿದ್ದು ನೋಡಿ. ಕಥೆಯಲ್ಲಿದ್ದ ನಥಾನಿಯೆಲ್‌ನ ಅಪ್ಪನ ಸಾವು, ಹುಚ್ಚು, ಗೋಪುರ, ಮರಳು, ಎಲ್ಲ ತೆಗೆದು ಹಾಕಿದರು. ಉಳಿಸಿಕೊಂಡದ್ದು ಗೊಂಬೆ, ಅದನ್ನು ಮಾಡಿದ ಮುದುಕ, ಮರುಳಾದ ಹುಡುಗ. ಹುಡುಗನ ಹೆಸರು ಫ್ರಾಂಟ್ಸ್ ಆಯಿತು, ಅವನಿಗೆ ಸ್ವಾನಿಲ್ಡಾ ಅನ್ನುವ ಜಗಳಗಂಟಿ ಪ್ರೇಯಸಿ ಬಂದಳು, ಕೊನೆಗೆ ಮದುವೆ. ಕಥೆಗೆ ಮೋಸವಾಯಿತು ಅಂತ ಬೈಯುವವರಿದ್ದಾರೆ. ನಾನು ಬೈಯಲ್ಲ, ಎರಡನೇ ಅಂಕ ಇರೋ ತನಕ.

ಆ ಅಂಕದಲ್ಲಿ ಮುದುಕ ಕೊಪೇಲಿಯಸ್ ಫ್ರಾಂಟ್ಸ್‌ಗೆ ಮದ್ದು ಬೆರೆಸಿದ ವೈನ್ ಕುಡಿಸಿ ಮಲಗಿಸುತ್ತಾನೆ. ಮಂತ್ರದ ಪುಸ್ತಕ ತೆರೆದು, ಹುಡುಗನ ಮೈಯಿಂದ ಜೀವವನ್ನು ಬರಿಗೈಯಲ್ಲಿ ಎಳೆದು ಎಳೆದು ಗೊಂಬೆಗೆ ತುಂಬುತ್ತಾನೆ. ಕುರ್ಚಿಯಲ್ಲಿ ಕೂತಿರೋದು ಗೊಂಬೆಯ ಬಟ್ಟೆ ತೊಟ್ಟ ಸ್ವಾನಿಲ್ಡಾ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವಳು ಕಣ್ಣು ಬಿಡುತ್ತಾಳೆ. ಭುಜ ಒಂದು ಸಲ, ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು. ಮುದುಕ ಖುಷಿಯಲ್ಲಿ ಕುಣಿದಾಡುತ್ತಾನೆ. ಎಲ್ಲರೂ ನಗುತ್ತಾರೆ. ಆದರೆ ಸುಮ್ನೆ ಒಂದು ಕ್ಷಣ ಯೋಚಿಸಿ: ಒಬ್ಬ ಮುದುಕ ಮಲಗಿರುವ ಹುಡುಗನ ಉಸಿರನ್ನು ಕದಿಯುತ್ತಿದ್ದಾನೆ. ಗೋಪುರ ಬಿಟ್ಟರೂ ಮೂಲದ ವಿಷ ಇಲ್ಲಿ ಒಂದು ಹನಿ ಉಳಿದಿದೆ.

(ನಿಜವಾದ ಗಾಥಿಕ್ ಕಥೆ, ಅಂದರೆ ಸಾವು, ಭಯದ ಕಥೆ, ನಡೆದದ್ದು ತೆರೆಯ ಹಿಂದೆ. ಮೊದಲ ಸ್ವಾನಿಲ್ಡಾ ಆದ ಜೂಸೆಪ್ಪಿನಾ ಬೊಜ್ಜಾಕಿಗೆ ಆಗ 16 ವರ್ಷ. ಜುಲೈಯಲ್ಲಿ ಯುದ್ಧ ಶುರುವಾಯಿತು, ಪ್ಯಾರಿಸ್‌ಗೆ ಮುತ್ತಿಗೆ ಬಿತ್ತು, ಸಾಂ-ಲಿಯೋಂ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಆ ಹುಡುಗಿ ಸಿಡುಬಿನಿಂದ ನವೆಂಬರ್ 23ರಂದು ಹೋಗಿಬಿಟ್ಟಳು. ಅವತ್ತು ಅವಳ 17ನೇ ಹುಟ್ಟುಹಬ್ಬ.)

ಇನ್ನೊಂದು ತುದಿ ಲಂಡನ್ನಿನ ರಾಯಲ್ ಬ್ಯಾಲೆಗಾಗಿ ಲಿಯಾಮ್ ಸ್ಕಾರ್ಲೆಟ್ 2016ರಲ್ಲಿ ಮಾಡಿದ 'ಫ್ರಾಂಕೆನ್‌ಸ್ಟೈನ್'. ಹೆಣದ ತುಂಡುಗಳನ್ನು ಹೊಲಿದು ಜೀವ ಕೊಟ್ಟ ಪ್ರಾಣಿಯೊಂದರ ಕಾದಂಬರಿ ಅದರ ಮೂಲ. ಮೂರು ಅಂಕ, ಹೊಸ ಸಂಗೀತ, ಭಾರೀ ರಂಗಸಜ್ಜಿಕೆ. ಹಿಮಸಾಗರದ ಭಾಗ ಬಿಟ್ಟರೂ ಮನೆಮಂದಿಯ ಕಥೆಯನ್ನೆಲ್ಲ ಇಟ್ಟುಕೊಂಡರು. ಹಾಗಾಗಿ ಜೀವ ಬಂದ ಆ ಪ್ರಾಣಿ ಎದ್ದು ನಿಲ್ಲುವ ಹೊತ್ತಿಗೆ ಮೊದಲ ಅಂಕವೇ ಮುಗಿಯುತ್ತಾ ಬಂದಿರುತ್ತದೆ. ಇನ್ನೊಂದು ತೊಡಕೂ ಇದೆ. ಪುಸ್ತಕದಲ್ಲಿ ಆ ಪ್ರಾಣಿ ಅದ್ಭುತವಾಗಿ ಮಾತಾಡುತ್ತದೆ, ಅದರ ಮಾತಿನಿಂದಲೇ ನಮಗೆ ಅಯ್ಯೋ ಅನ್ನಿಸೋದು. ಬ್ಯಾಲೆಯಲ್ಲಿ ಆ ಬಾಯಿ ಮುಚ್ಚಿಹೋಯಿತು. ಹೊಲಿಗೆ ಹಾಕಿದ ಮೈ ಮೊದಲ ಸಲ ನಡೆಯಲು ಕಲಿಯುವುದನ್ನೇ ಅರ್ಧ ಗಂಟೆ ತೋರಿಸಿದ್ದರೆ ನಾನು ಸೀಟಿನ ತುದಿಯಲ್ಲೇ ಕೂತಿರುತ್ತಿದ್ದೆ.

ಬ್ಯಾಲೆಯಲ್ಲಿ ಅತ್ತೆ ಇರಲ್ಲ ಅಂತ ಬ್ಯಾಲೆ ಸಂಯೋಜಕ ಬಾಲಂಚೀನ್ ಹೇಳುತ್ತಿದ್ದ ಮಾತೊಂದಿದೆ. ಒಬ್ಬ ಹೆಂಗಸನ್ನು ತೋರಿಸಬಹುದು, ಅವಳು ಇಂಥವಳ ಅತ್ತೆ ಅಂತ ಕುಣಿದು ಹೇಳೋಕಾಗಲ್ಲ. ನಿಮ್ಮ ಡ್ರಾಕುಲಾ ಪುಸ್ತಕವಂತೂ ಪೂರ್ತಿ ಡೈರಿ, ಕಾಗದ, ಟೆಲಿಗ್ರಾಂ. ಯಾರು ಯಾರಿಗೆ ಏನು ಬರೆದರು ಅನ್ನೋದಕ್ಕೆ ಇಳಿದರೆ ಇಪ್ಪತ್ತು ನಿಮಿಷ ಅಲ್ಲೇ ಮುಗಿಯುತ್ತದೆ.

ಈಗ ನನ್ನ ಪೆಟ್ಟಿನ ಕಥೆ. ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಮರಳು ಮನುಷ್ಯನನ್ನೇ ಮಾಡಿಸಿದೆ. ಎಲ್ಲ ಹಾಕಿದೆ. ಚೀಲ, ಕೆಂಪು ಲೈಟು, ಹೊಗೆ. ಮರಳು ಮನುಷ್ಯ ಬಂದ ತಕ್ಷಣ ಹಿಂದಿನ ಸಾಲಿನಿಂದ ಯಾರೋ 'ಸಿಮೆಂಟ್ ಬಂತು' ಅಂದರು. ಮುಗೀತು. ಆಮೇಲೆ ಹುಡುಗಿಯರ ಮುಖ ನೋಡೋಕಾಗಲಿಲ್ಲ ನನಗೆ.

ಆದರೆ ನಡುವೆ ಒಂದು ಅರ್ಧ ನಿಮಿಷ ಸಭೆ ಗಪ್‌ಚಿಪ್ ಆಗಿತ್ತು. ನಮ್ಮ ಭರತನಾಟ್ಯದಲ್ಲಿ ಕೈ ಹೋದ ಕಡೆ ಕಣ್ಣು ಹೋಗಬೇಕು ಅಂತ ಮೊದಲ ವರ್ಷದಿಂದ ತಲೆಗೆ ತುಂಬುತ್ತೇವೆ. ಗೊಂಬೆಯಾಗಿದ್ದ ಹುಡುಗಿಗೆ ನಾನು ಅದನ್ನೇ ಉಲ್ಟಾ ಹೇಳಿಕೊಟ್ಟಿದ್ದೆ. ಕೈ ಅಲಪದ್ಮ (ಅರಳಿದ ತಾವರೆಯ ಮುದ್ರೆ) ಹಿಡಿದು ಬಲಕ್ಕೆ ಹೋಗಲಿ, ಕಣ್ಣು ಎದುರಿಗೇ ಇರಲಿ. ತಾಳದ ಎರಡು ಮಾತ್ರೆ ಬಿಟ್ಟು ತಲೆ ತಿರುಗಲಿ. ಅಷ್ಟೇ. ಅಡವು, ಅಂದರೆ ಹೆಜ್ಜೆ, ಎಲ್ಲ ಸರಿಯಾಗಿತ್ತು, ಲಯ ಸರಿಯಾಗಿತ್ತು, ಒಳಗೆ ಯಾರೂ ಇರಲಿಲ್ಲ. ವೇಷ ಕಳಚಿ ಬಂದ ಮೇಲೂ ಅವಳ ಪುಟ್ಟ ತಂಗಿ ಹತ್ತಿರ ಹೋಗಲಿಲ್ಲ. 'ಮೊದಲು ಕಣ್ಣು ಮಿಟುಕಿಸು' ಅಂದಳು.

ಹಾಗಾಗಿ ಕೋರೆಹಲ್ಲು, ಕಪ್ಪು ನಿಲುವಂಗಿ, ಟೊಮ್ಯಾಟೊ ಸಾಸಿನ ರಕ್ತ ಎಲ್ಲ ಮರೆತುಬಿಡಿ. ಡ್ರಾಕುಲಾ ಪುಸ್ತಕದಲ್ಲಿ ಅವನ ಕೋಟೆಗೆ ಬಂದ ಅತಿಥಿ ಹಾರ್ಕರ್ ಗಡ್ಡ ಕೆರೆಯುವಾಗ ಡ್ರಾಕುಲಾ ಹಿಂದೆ ಬಂದು ನಿಲ್ಲುತ್ತಾನೆ, ಕನ್ನಡಿಯಲ್ಲಿ ಅವನಿಲ್ಲ. ನಿಮಗೆ ಬೇಕಾದ ಹೆದರಿಕೆ ಅದು, ಅದನ್ನು ಮೈಯಿಂದಲೇ ತೋರಿಸಬಹುದು. ಒಂದು ಖಾಲಿ ಚೌಕಟ್ಟು ನಿಲ್ಲಿಸಿ. ಈಚೆ ಡ್ರಾಕುಲಾಗೆ ಬಲಿಯಾಗುವ ಹುಡುಗಿ ಲೂಸಿ, ಆಚೆ ಅದೇ ಬಟ್ಟೆಯಲ್ಲಿ ಅವಳ ಬಿಂಬವಾಗಿ ಇನ್ನೊಬ್ಬಳು. ಮೊದಲ ಐದು ನಿಮಿಷ ಇಬ್ಬರೂ ಒಂದೇ ಮೈಯಂತೆ ಕುಣಿಯಲಿ, ಜನಕ್ಕೆ ಅದು ಕನ್ನಡಿ ಅಂತ ಅಭ್ಯಾಸವಾಗಲಿ. ಆಮೇಲೆ ಡ್ರಾಕುಲಾ ಆದ ಹುಡುಗ ಬಂದು ಲೂಸಿಯ ಕೈ ಹಿಡಿಯಲಿ. ಆಚೆಯವಳು ಗಾಳಿಯ ಕೈ ಹಿಡಿದು ಸುತ್ತಲಿ, ಗಾಳಿಗೆ ಒರಗಲಿ. ಪ್ರತಿ ಸಲ ಅವನು ಕುತ್ತಿಗೆಗೆ ಬಾಗಿದಾಗಲೂ ಬಿಂಬ ಒಂದು ಮಾತ್ರೆ ತಡವಾಗಲಿ, ಆಮೇಲೆ ಎರಡು. ಕೊನೆಗೆ ಲೂಸಿ ಚೌಕಟ್ಟಿನ ಮುಂದೆ ಬಂದು ನಿಂತಾಗ ಆಚೆ ಯಾರೂ ಇರಬಾರದು.

ಚೌಕಟ್ಟಿಗೆ ಬಡಗಿ ಹತ್ತಿರ ನಾಲ್ಕು ರೀಪು ಹೊಡೆಸಿದರೆ ಸಾಕು. ಎರಡು ಹುಡುಗಿಯರ ಎತ್ತರ ಒಂದೇ ಇದೆಯಾ, ಅದನ್ನು ಮೊದಲು ನೋಡಿಕೊಳ್ಳಿ.